ಬಾಗಿಲ ಹೊರಗೆ ಕಾಯುವವರು

(ಅಂತರಘಟ್ಟೆಯಲ್ಲಿ, ಹೊಸದಾಗಿ ಓದು ಕಲಿತ ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತು)

ಮನೆ ಕೆಲಸ, ಹೊಲದ ಕೆಲಸ ಮುಗಿಸಿ ಬಂದಿದ್ದೀರಿ. ಉದ್ದದ ಭಾಷಣ ಮಾಡುವುದಿಲ್ಲ. ಒಂದೇ ವಿಷಯ ಮಾತಾಡೋಣ. ಅದು ಎಣಿಕೆ. ಓಟಿನ ಎಣಿಕೆ.

ನಮ್ಮ ಅಂತರಘಟ್ಟಮ್ಮನ ಜಾತ್ರೆಗೆ ಸುತ್ತಲ ಊರುಗಳಿಂದ ಪಾನಕದ ಗಾಡಿಗಳು ಬರುತ್ತವೆ. ಎತ್ತುಗಳು ಓಡುತ್ತವೆ. ಯಾವ ಗಾಡಿ ಮುಂದೆ, ಯಾವ ಗಾಡಿ ಹಿಂದೆ? ರಸ್ತೆ ಬದಿ ನಿಂತವರಿಗೆಲ್ಲ ಕಾಣುತ್ತದೆ. ಯಾರೂ ಬಂದು ನಮಗೆ ಹೇಳಬೇಕಾಗಿಲ್ಲ.

ಓಟಿನ ಎಣಿಕೆ ಹಾಗಲ್ಲ. ಅದು ಒಂದು ಕೋಣೆಯ ಒಳಗೆ ನಡೆಯುತ್ತದೆ. ಬಾಗಿಲು ಹಾಕಿರುತ್ತದೆ. ಪೊಲೀಸರು ನಿಂತಿರುತ್ತಾರೆ. ನಾವು ಹೊರಗೆ ಬಿಸಿಲಲ್ಲಿ ಕಾಯುತ್ತೇವೆ. ಒಳಗಿಂದ ಯಾರೋ ಬಂದು ಒಂದು ಮಾತು ಹೇಳುತ್ತಾರೆ. ಕೆಲವರು ಪಟಾಕಿ ಹೊಡೆಯುತ್ತಾರೆ. ಕೆಲವರು ಮುಖ ಸಣ್ಣ ಮಾಡಿಕೊಂಡು ಬಸ್ಸು ಹತ್ತುತ್ತಾರೆ.

ಹೀಗೆ ಕಾಯುವವರ ಬಗ್ಗೆ ಇವತ್ತಿನ ಮಾತು.

ಎರಡು ಬಗೆಯ ಎಣಿಕೆ

ಮೊದಲನೆಯದು ನಮಗೆಲ್ಲ ಗೊತ್ತಿರುವ ಎಣಿಕೆ. ನಾವು ಓಟು ಹಾಕುತ್ತೇವೆ. ಚುನಾವಣಾ ಆಯೋಗದವರು ಎಣಿಸುತ್ತಾರೆ. ಅಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೆ 14 ಮೇಜು ಹಾಕುತ್ತಾರೆ. ಪ್ರತಿ ಮೇಜಿನ ಹತ್ತಿರ ಎಲ್ಲ ಅಭ್ಯರ್ಥಿಗಳ ಏಜೆಂಟರು ಕೂರಬಹುದು. ಅವರು ಕಣ್ಣಾರೆ ನೋಡುತ್ತಾರೆ. ಅಂಕಿ ಬರೆದುಕೊಳ್ಳುತ್ತಾರೆ. ಅನುಮಾನ ಬಂದರೆ ಮತ್ತೆ ಎಣಿಸಿ ಎಂದು ಕೇಳಬಹುದು.

2023ರ ವಿಧಾನಸಭಾ ಚುನಾವಣೆ ನೆನಪಿದೆ ತಾನೆ? ನಮ್ಮದೇ ಜಿಲ್ಲೆಯ ಶೃಂಗೇರಿಯಲ್ಲಿ ಗೆದ್ದವರಿಗೂ ಸೋತವರಿಗೂ ಅಂತರ 201 ಮತ ಎಂದು ಘೋಷಿಸಿದರು. ಬೆಂಗಳೂರಿನ ಜಯನಗರದಲ್ಲಿ ಇನ್ನೂ ಕಡಿಮೆ. ಅಲ್ಲಿ ಎಣಿಕೆ ರಾತ್ರಿಯವರೆಗೆ ಎಳೆಯಿತು. ಮತ್ತೆ ಎಣಿಸಿದರು. ಎರಡೂ ಪಕ್ಷದ ಜನ ಹೊರಗೆ ಕಾದರು. ಕೊನೆಗೆ ಹೇಳಿದ ಅಂತರ ಬರೀ 16 ಮತ. ಒಂದು ದೊಡ್ಡ ಮನೆಯ ಜನ ಅಷ್ಟೆ.

2004ರಲ್ಲಿ ಚಾಮರಾಜನಗರ ಕಡೆಯ ಸಂತೇಮರಹಳ್ಳಿಯಲ್ಲಿ ಇನ್ನೂ ವಿಚಿತ್ರ. ಅಲ್ಲಿ ಗೆದ್ದವರು ಒಂದೇ ಒಂದು ಮತದಿಂದ ಗೆದ್ದರು. "ನನ್ನ ಒಂದು ಓಟಿನಿಂದ ಏನಾಗುತ್ತೆ?" ಅನ್ನುವ ಅಕ್ಕಂದಿರಿಗೆ ಈ ಮಾತು ಹೇಳಿ.

ಇದು ಮೊದಲನೆಯ ಎಣಿಕೆ. ಇನ್ನು ಎರಡನೆಯದು.

ಗೆದ್ದ ಶಾಸಕರೆಲ್ಲ ಸೇರುತ್ತಾರೆ. ತಮ್ಮ ಪಕ್ಷಕ್ಕೆ ಒಬ್ಬ ನಾಯಕನನ್ನು ಆರಿಸುತ್ತಾರೆ. ಇದಕ್ಕೆ ಶಾಸಕಾಂಗ ಪಕ್ಷದ ಸಭೆ ಅಂತ ಹೆಸರು. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. 113 ಬಂದರೆ ಬಹುಮತ. ಬಹುಮತ ಇರುವ ಪಕ್ಷ ಆರಿಸಿದ ನಾಯಕನನ್ನು ರಾಜ್ಯಪಾಲರು ಕರೆಯುತ್ತಾರೆ. ಅವರೇ ಮುಖ್ಯಮಂತ್ರಿ.

ನೋಡಿ, ಮುಖ್ಯಮಂತ್ರಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ನಾವು ಶಾಸಕರನ್ನು ಆರಿಸುತ್ತೇವೆ. ಶಾಸಕರು ನಾಯಕನನ್ನು ಆರಿಸುತ್ತಾರೆ. ಈ ಎರಡನೆಯ ಎಣಿಕೆಗೆ ಚುನಾವಣಾ ಆಯೋಗ ಬರುವುದಿಲ್ಲ. ಅದು ಪಕ್ಷದ ಮನೆಯ ಒಳಗಿನ ಕೆಲಸ.

ನಮ್ಮ ಎಂ.ಪಿ. ಮುಖ್ಯಮಂತ್ರಿ ಆದದ್ದು

ಇದು ದೂರದ ಮಾತಲ್ಲ. ನಮ್ಮ ಊರಿಗೇ ಮುಟ್ಟಿದ ಮಾತು.

2009ರಿಂದ ನಾವು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ ಓಟು ಹಾಕುತ್ತಿದ್ದೇವೆ. ಆ ವರ್ಷ ನಮ್ಮ ಕ್ಷೇತ್ರದಿಂದ ಡಿ.ವಿ. ಸದಾನಂದಗೌಡರು ಗೆದ್ದು ದೆಹಲಿಗೆ ಹೋದರು.

2011ರ ಜುಲೈ ಕೊನೆಯಲ್ಲಿ ಗಣಿ ಅಕ್ರಮದ ಬಗ್ಗೆ ಲೋಕಾಯುಕ್ತರ ವರದಿ ಬಂತು. ಆಗ ಮುಖ್ಯಮಂತ್ರಿ ಆಗಿದ್ದವರು ಬಿ.ಎಸ್. ಯಡಿಯೂರಪ್ಪ. ಅವರು ಜುಲೈ 31ರಂದು ರಾಜೀನಾಮೆ ಕೊಟ್ಟರು. ಮುಂದೆ ಯಾರು? ಭಾರತೀಯ ಜನತಾ ಪಕ್ಷದಲ್ಲಿ ಎರಡು ಗುಂಪು ಆಯಿತು. ಒಂದು ಗುಂಪು ಸದಾನಂದಗೌಡರು ಬೇಕು ಅಂದಿತು. ಇನ್ನೊಂದು ಗುಂಪು ಜಗದೀಶ ಶೆಟ್ಟರ್ ಬೇಕು ಅಂದಿತು.

ಆಗಸ್ಟ್ 3ರಂದು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಸಭೆ ಸೇರಿತು. ದೆಹಲಿಯಿಂದ ದೊಡ್ಡ ನಾಯಕರು ಬಂದರು. ಒಪ್ಪಂದ ಆಗಲಿಲ್ಲ. ಗುಪ್ತ ಮತದಾನ ಮಾಡಿದರು. ಅಂದರೆ, ಯಾರು ಯಾರಿಗೆ ಹಾಕಿದರು ಅಂತ ಯಾರಿಗೂ ಕಾಣದ ಹಾಗೆ ಚೀಟಿ ಹಾಕಿದರು. ಒಳಗೆ ಸುಮಾರು 120 ಮಂದಿ. ಹೊರಗೆ ಎರಡೂ ಕಡೆಯ ಕಾರ್ಯಕರ್ತರು ಕಾಯುತ್ತಿದ್ದರು. ಊರುಗಳಲ್ಲಿ ಜನ ಟಿ.ವಿ. ಮುಂದೆ ಕೂತಿದ್ದರು. ಸದಾನಂದಗೌಡರು ಗೆದ್ದರು. ಮರುದಿನ, ಆಗಸ್ಟ್ 4ರಂದು, ಪ್ರಮಾಣ ಮಾಡಿದರು.

ಆಮೇಲೆ ಏನಾಯಿತು? ಮುಖ್ಯಮಂತ್ರಿ ಆದವರು ಆರು ತಿಂಗಳ ಒಳಗೆ ವಿಧಾನಸಭೆಯ ಅಥವಾ ವಿಧಾನ ಪರಿಷತ್ತಿನ ಸದಸ್ಯರಾಗಬೇಕು. ಇದು ಸಂವಿಧಾನದ ನಿಯಮ. ಅವರು ಪರಿಷತ್ತಿಗೆ ಹೋದರು. ಎಂ.ಪಿ. ಸ್ಥಾನ ಬಿಟ್ಟರು. ಆದ್ದರಿಂದ 2012ರ ಮಾರ್ಚಿನಲ್ಲಿ ನಾವು ಮತ್ತೆ ಸಾಲಿನಲ್ಲಿ ನಿಂತು ಓಟು ಹಾಕಬೇಕಾಯಿತು. ಆ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಜಯಪ್ರಕಾಶ್ ಹೆಗ್ಡೆಯವರು ಗೆದ್ದರು.

ಅದೇ 2012ರ ಜುಲೈನಲ್ಲಿ ಸದಾನಂದಗೌಡರನ್ನೂ ಇಳಿಸಿದರು. ಹೋದ ವರ್ಷ ಚೀಟಿಯಲ್ಲಿ ಸೋತಿದ್ದ ಶೆಟ್ಟರ್ ಮುಖ್ಯಮಂತ್ರಿ ಆದರು.

ಈಗ ಯೋಚನೆ ಮಾಡಿ. ಬೆಂಗಳೂರಿನ ಒಂದು ಹೋಟೆಲಿನಲ್ಲಿ 120 ಮಂದಿ ಚೀಟಿ ಹಾಕಿದರು. ಅದರಿಂದ ಅಂತರಘಟ್ಟೆಯ ಅಜ್ಜಿಯೂ ಇನ್ನೊಮ್ಮೆ ಬೆರಳಿಗೆ ಶಾಯಿ ಹಾಕಿಸಿಕೊಂಡಳು. ಒಳಗಿನ ಎಣಿಕೆಗೂ ನಮಗೂ ಸಂಬಂಧ ಇಲ್ಲ ಅಂತ ಹೇಳಲು ಬರುತ್ತದಾ?

ಎಲ್ಲ ಪಕ್ಷದ ಮನೆಯೂ ಹೀಗೇ

ನಾನು ಒಂದು ಪಕ್ಷವನ್ನು ಹೊಗಳಲು, ಇನ್ನೊಂದನ್ನು ಬೈಯಲು ಬಂದಿಲ್ಲ. ಎಲ್ಲರ ಕಥೆಯನ್ನೂ ಹೇಳುತ್ತೇನೆ.

1994ರಲ್ಲಿ ಜನತಾದಳ 115 ಸ್ಥಾನ ಗೆದ್ದಿತು. ದೇವೇಗೌಡರೋ, ರಾಮಕೃಷ್ಣ ಹೆಗಡೆಯವರೋ ಎಂಬ ಪ್ರಶ್ನೆ ಬಂತು. ದೇವೇಗೌಡರು ನಾಯಕರಾದರು. 1996ರಲ್ಲಿ ಅವರು ದೇಶದ ಪ್ರಧಾನಿ ಆದರು. ಆಗ ನಮ್ಮ ಪಕ್ಕದ ಚನ್ನಗಿರಿಯ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಆದರು. ನಡುವೆ ಸಾರ್ವತ್ರಿಕವಾಗಿ ವಿಧಾನಸಭೆಗೆ ಮತ್ತೆ ಓಟು ನಡೆಯಲಿಲ್ಲ.

2023ರಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದಿತು. ಮೇ 13ರಂದು ಫಲಿತಾಂಶ ಬಂತು. ಮೇ 14ರ ಸಂಜೆ ಬೆಂಗಳೂರಿನ ಹೋಟೆಲಿನಲ್ಲಿ ಶಾಸಕರು ಸೇರಿದರು. ಸಿದ್ದರಾಮಯ್ಯನವರೋ, ಡಿ.ಕೆ. ಶಿವಕುಮಾರ್ ಅವರೋ? ಹೊರಗೆ ಇಬ್ಬರ ಬೆಂಬಲಿಗರೂ ನಿಂತು ಕೂಗಿದರು. ದೆಹಲಿಯಿಂದ ಬಂದ ಮೂವರು ವೀಕ್ಷಕರು ಶಾಸಕರ ಅಭಿಪ್ರಾಯ ಕೇಳಿ ತೆಗೆದುಕೊಂಡರು. ಅದನ್ನು ದೆಹಲಿಗೆ ಒಯ್ದರು. ಒಂದು ದಿನ ಕಾದರು. ಎರಡು ದಿನ ಕಾದರು. ಮೇ 18ಕ್ಕೆ ಹೆಸರು ಹೇಳಿದರು. ಮೇ 20ಕ್ಕೆ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿಯೂ, ಶಿವಕುಮಾರ್ ಉಪಮುಖ್ಯಮಂತ್ರಿಯಾಗಿಯೂ ಪ್ರಮಾಣ ಮಾಡಿದರು.

ಯಾರಿಗೆ ಎಷ್ಟು ಮಂದಿ ಬೆಂಬಲ ಕೊಟ್ಟರು? ಆ ಅಂಕಿಯನ್ನು ಪಕ್ಷ ಜನರ ಮುಂದೆ ಇಡಲಿಲ್ಲ. ನಾಲ್ಕು ದಿನ ಕಾದವರಿಗೆ ಒಂದು ಹೆಸರು ಸಿಕ್ಕಿತು. ಲೆಕ್ಕ ಸಿಗಲಿಲ್ಲ.

ಪಕ್ಷದವರನ್ನು ಲೆಕ್ಕ ಕೇಳಬಹುದಾ? 2013ರ ಜೂನ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಒಂದು ಆದೇಶ ಮಾಡಿತು. ಆರು ರಾಷ್ಟ್ರೀಯ ಪಕ್ಷಗಳು ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತವೆ ಅಂತ ಹೇಳಿತು. ಪಕ್ಷಗಳು ಆ ಆದೇಶದ ಪ್ರಕಾರ ನಡೆಯಲಿಲ್ಲ. ಬೇರೆ ವಿಷಯಕ್ಕೆ ಜಗಳ ಆಡುವ ಪಕ್ಷಗಳು ಈ ವಿಷಯದಲ್ಲಿ ಒಂದೇ ದಾರಿ ಹಿಡಿದವು.

ದೂರದ ದೇಶದ ಒಂದು ಸುದ್ದಿ

ಅಮೆರಿಕಾದಲ್ಲಿ ಅಯೋವಾ ಅಂತ ಒಂದು ರಾಜ್ಯ ಇದೆ. ಅದೂ ರೈತರ ನಾಡು. ಜೋಳ ಬೆಳೆಯುತ್ತಾರೆ. ಅಲ್ಲಿ ಡೆಮಾಕ್ರಟಿಕ್ ಎಂಬ ಪಕ್ಷದವರು ತಮ್ಮ ಅಭ್ಯರ್ಥಿಯನ್ನು ಆರಿಸಲು ಬಹಳ ವರ್ಷ ಒಂದು ಪದ್ಧತಿ ನಡೆಸಿದರು. ಚಳಿಗಾಲದ ಒಂದು ರಾತ್ರಿ ಊರ ಶಾಲೆಯಲ್ಲಿ, ಸಭಾಂಗಣದಲ್ಲಿ ಪಕ್ಷದ ಸಾಮಾನ್ಯ ಜನ ಸೇರುತ್ತಿದ್ದರು. ಈ ಮೂಲೆಯಲ್ಲಿ ಒಬ್ಬರ ಕಡೆಯವರು. ಆ ಮೂಲೆಯಲ್ಲಿ ಇನ್ನೊಬ್ಬರ ಕಡೆಯವರು. ತಲೆ ಎಣಿಸುತ್ತಿದ್ದರು. ಅಂದರೆ, ಅಲ್ಲಿ ಬೆಂಬಲಿಗರು ಹೊರಗೆ ಕಾಯುತ್ತಿರಲಿಲ್ಲ. ಒಳಗೇ ಇರುತ್ತಿದ್ದರು.

2020ರ ಫೆಬ್ರವರಿ 3ರ ರಾತ್ರಿ ಅಲ್ಲಿಯೂ ಎಡವಟ್ಟು ಆಯಿತು. ಅಂಕಿ ಕಳಿಸಲು ಮೊಬೈಲಿನಲ್ಲಿ ಒಂದು ಹೊಸ ಆಪ್ ಮಾಡಿದ್ದರು. ಅದು ಕೈ ಕೊಟ್ಟಿತು. ಆ ರಾತ್ರಿ ಫಲಿತಾಂಶ ಬರಲಿಲ್ಲ. ಪೂರ್ತಿ ಅಂಕಿ ಬರಲು ಮೂರು ದಿನ ಹಿಡಿಯಿತು. ಆದರೆ ಆ ಸಲ ಬಂದವರೆಲ್ಲ ಕಾಗದದ ಮೇಲೂ ತಮ್ಮ ಆಯ್ಕೆ ಬರೆದಿದ್ದರು. ಆದ್ದರಿಂದ ಮತ್ತೆ ನೋಡಿ ತಾಳೆ ಹಾಕಲು ಆಯಿತು.

ಇದರಿಂದ ನಾವು ಕಲಿಯುವುದು ಏನು? ಯಂತ್ರ ಕೆಟ್ಟರೂ, ಬಾಯಿ ಮಾತು ಬದಲಾದರೂ, ಬರೆದ ಕಾಗದ ಉಳಿಯುತ್ತದೆ. ನೀವು ಅಕ್ಷರ ಕಲಿತಿದ್ದೀರಿ. ಅಂಕಿ ಕಲಿತಿದ್ದೀರಿ. ಅದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಲ್ಲರ ಎದುರು ಎಣಿಸಿದ್ದು

ನಮ್ಮ ಕರ್ನಾಟಕದಿಂದಲೇ ದೇಶಕ್ಕೆ ಒಂದು ಒಳ್ಳೆಯ ನಿಯಮ ಬಂದಿದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿ. ನಿಮಗೆ ಬಹುಮತ ಇಲ್ಲ ಅಂತ ಹೇಳಿ ಏಪ್ರಿಲ್ 21ರಂದು ಅವರ ಸರ್ಕಾರವನ್ನು ವಜಾ ಮಾಡಿದರು. ಸಭೆಯಲ್ಲಿ ತಲೆ ಎಣಿಸಲೇ ಇಲ್ಲ. ಬೊಮ್ಮಾಯಿಯವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ತೀರ್ಪು ಕೊಟ್ಟರು. ಬಹುಮತ ಇದೆಯೋ ಇಲ್ಲವೋ ಎಂಬುದನ್ನು ವಿಧಾನಸಭೆಯಲ್ಲೇ ನೋಡಬೇಕು. ರಾಜಭವನದಲ್ಲಿ ಕೂತು ತೀರ್ಮಾನ ಮಾಡಬಾರದು.

2019ರ ಜುಲೈ 23ರಂದು ಹಾಗೆಯೇ ಆಯಿತು. ಎಚ್.ಡಿ. ಕುಮಾರಸ್ವಾಮಿಯವರು ವಿಶ್ವಾಸ ಮತ ಕೇಳಿದರು. ಶಾಸಕರನ್ನು ಸಾಲು ಸಾಲಾಗಿ ನಿಲ್ಲಿಸಿ ಎಣಿಸಿದರು. ಪರವಾಗಿ 99. ವಿರೋಧವಾಗಿ 105. ಸರ್ಕಾರ ಬಿತ್ತು. ಕೆಲವರಿಗೆ ಸಂತೋಷ, ಕೆಲವರಿಗೆ ದುಃಖ. ಆದರೆ ಅಂಕಿ ಎಷ್ಟು ಅಂತ ಮನೆಯಲ್ಲಿ ಕೂತವರಿಗೂ ಗೊತ್ತಾಯಿತು. ಅಂಕಿಯ ಬಗ್ಗೆ ಯಾರೂ ಜಗಳ ಆಡಲಿಲ್ಲ.

ನಮ್ಮ ಪಂಚಾಯಿತಿಯ ಬಾಗಿಲಲ್ಲಿ

ಈಗ ನಮ್ಮ ಊರಿಗೆ ಬರೋಣ.

ಗ್ರಾಮ ಪಂಚಾಯಿತಿಯಲ್ಲೂ ಎರಡು ಎಣಿಕೆ ಇದೆ. ಮೊದಲು ನಾವು ಸದಸ್ಯರನ್ನು ಆರಿಸುತ್ತೇವೆ. ಆಮೇಲೆ ಸದಸ್ಯರು ಅಧ್ಯಕ್ಷರನ್ನು, ಉಪಾಧ್ಯಕ್ಷರನ್ನು ಆರಿಸುತ್ತಾರೆ. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಆದರೂ ಗುಂಪು ಇರುತ್ತದೆ. ಅದು ನಿಮಗೇ ಗೊತ್ತು.

ಅಧ್ಯಕ್ಷರ ಆಯ್ಕೆಯ ದಿನ ಏನಾಗುತ್ತದೆ? ಕೆಲವು ಕಡೆ ಸದಸ್ಯರನ್ನು ಮೊದಲೇ ವ್ಯಾನಿನಲ್ಲಿ ಕೂರಿಸಿ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತಾರೆ. ಸಭೆಯ ಹೊತ್ತಿಗೆ ನೇರವಾಗಿ ತಂದು ಇಳಿಸುತ್ತಾರೆ. ಅಧಿಕಾರಿ ಬರುತ್ತಾರೆ. ಬಾಗಿಲು ಹಾಕುತ್ತಾರೆ. ನಾವು ಹೊರಗೆ, ಕಟ್ಟೆಯ ಮೇಲೆ ಕೂರುತ್ತೇವೆ. ಎಂಟು ಮತ, ಏಳು ಮತ ಅಂತ ಸುದ್ದಿ ಬರುತ್ತದೆ. ಎರಡೂ ಕಡೆ ಸಮ ಬಂದರೆ ಚೀಟಿ ಎತ್ತುತ್ತಾರೆ. ಆಮೇಲೆ ಹಾರ, ಗುಲಾಲು, ತಮಟೆ.

ಆಯ್ಕೆ ಆದದ್ದು ಅಕ್ಕ. ಆದರೆ ಮೊದಲ ಹಾರ ಯಾರ ಕೊರಳಿಗೆ ಬಿತ್ತು? ಎಷ್ಟೋ ಕಡೆ ಅವಳ ಗಂಡನ ಕೊರಳಿಗೆ. ನೀವು ನಗುತ್ತಿದ್ದೀರಿ. ನೀವೂ ನೋಡಿರಬೇಕು.

ಮಂಡಲ ಪಂಚಾಯಿತಿ ಕಾಲದಲ್ಲಿ, 1987ರಲ್ಲಿ, ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲು ಇತ್ತು. 1993ರ ಕಾಯ್ದೆಯಲ್ಲಿ ಮೂರರಲ್ಲಿ ಒಂದು ಭಾಗ ಆಯಿತು. 2010ರಲ್ಲಿ ಕಾಯ್ದೆ ತಿದ್ದಿ ಅರ್ಧ ಮಾಡಿದರು. ಅಂದರೆ ಪಂಚಾಯಿತಿಯ ಬಾಗಿಲ ಒಳಗೆ ಅರ್ಧ ಜನ ನಾವೇ.

ಮೇಲೆ ಹೋದ ಹಾಗೆ ಲೆಕ್ಕ ಕಡಿಮೆ ಆಗುತ್ತದೆ. 2023ರಲ್ಲಿ 224 ಸ್ಥಾನಕ್ಕೆ ಗೆದ್ದ ಹೆಂಗಸರು ಬರೀ 10. ಆಗ ನಾಯಕನನ್ನು ಆರಿಸಲು ಸೇರಿದ ಪಕ್ಷದ 135 ಶಾಸಕರಲ್ಲಿ ಹೆಂಗಸರು 4. ಅವರಲ್ಲಿ ಒಬ್ಬರು ನಮ್ಮ ಜಿಲ್ಲೆಯ ಮೂಡಿಗೆರೆಯ ನಯನಾ ಮೋಟಮ್ಮ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿತು. ಲೋಕಸಭೆ, ವಿಧಾನಸಭೆಗಳಲ್ಲಿ ಮೂರರಲ್ಲಿ ಒಂದು ಸ್ಥಾನ ಹೆಂಗಸರಿಗೆ. ಆದರೆ ಜನಗಣತಿ ಆಗಿ, ಕ್ಷೇತ್ರಗಳನ್ನು ಮತ್ತೆ ವಿಂಗಡಿಸಿದ ಮೇಲೆ ಅಂತ ಅದರಲ್ಲಿ ಬರೆದರು.

ಮೆರವಣಿಗೆಗೆ ನಾವು ಬೇಕು. ಆರತಿಗೆ, ಕಳಸಕ್ಕೆ ನಾವು ಬೇಕು. ಕಾರ್ಯಕರ್ತರಿಗೆ ಅನ್ನ ಮಾಡಿ ಹಾಕಲು ನಾವು ಬೇಕು. ಒಳಗೆ ಚೀಟಿ ಹಾಕುವಾಗ ನಾವು ಎಷ್ಟು ಮಂದಿ? ಇದನ್ನು ನೀವು ಮೆಚ್ಚುವ ಪಕ್ಷದವರನ್ನು ಕೇಳಿ. ಅವರು ಮುಂದಿನ ಸಲ ಓಟು ಕೇಳಲು ಬಂದಾಗ ಕೇಳಿ.

ಕಾಯುವಾಗ ಏನು ಮಾಡಬೇಕು?

ಒಂದು ಪಕ್ಷವನ್ನು ಮೆಚ್ಚುವುದು ತಪ್ಪಲ್ಲ. ಅದಕ್ಕಾಗಿ ದುಡಿಯುವುದೂ ತಪ್ಪಲ್ಲ. ಆದರೆ ಮೂರು ಮಾತು ನೆನಪಿಡಿ.

ಒಂದು. ಬಾಜಿ ಕಟ್ಟಬೇಡಿ, ಕಟ್ಟಲು ಬಿಡಬೇಡಿ. ಫಲಿತಾಂಶದ ಮೇಲೆ ಕುರಿ ಕಟ್ಟುತ್ತಾರೆ, ಬೈಕು ಕಟ್ಟುತ್ತಾರೆ, ದುಡ್ಡು ಕಟ್ಟುತ್ತಾರೆ. ಸೋತದ್ದು ಅಭ್ಯರ್ಥಿ. ಕುರಿ ಹೋಗುವುದು ನಮ್ಮ ಕೊಟ್ಟಿಗೆಯಿಂದ.

ಎರಡು. ಪಕ್ಕದ ಮನೆಯವರ ಜೊತೆ ಮಾತು ಬಿಡಬೇಡಿ. ನಾಯಕರು ಇವತ್ತು ಬೇರೆ, ನಾಳೆ ಒಂದೇ ವೇದಿಕೆ. ಹೋದ ವರ್ಷ ಸೋತವರು ಈ ವರ್ಷ ಮುಖ್ಯಮಂತ್ರಿ ಆದದ್ದನ್ನು ಆಗಲೇ ಹೇಳಿದೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಓಡಿ ಬರುವವರು ಪಕ್ಕದ ಮನೆಯವರು.

ಮೂರು. ಲೆಕ್ಕ ಕೇಳಿ. "ಯಾರು ಗೆದ್ದರು?" ಅಂತ ಮಾತ್ರ ಕೇಳಬೇಡಿ. ಎಷ್ಟು ಮಂದಿ ಓಟು ಹಾಕಿದರು? ಯಾರಿಗೆ ಎಷ್ಟು ಬಂತು? ಎಷ್ಟು ತಿರಸ್ಕಾರ ಆಯಿತು? ಈರುಳ್ಳಿ ಚೀಲ ತೂಗುವಾಗ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ ನೀವು. ಹಾಗೆ ಇದೂ. ಪಂಚಾಯಿತಿ ಸಭೆಯ ನಡವಳಿಯನ್ನು ಬರೆದಿಡುತ್ತಾರೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಅರ್ಜಿ ಹಾಕಿ ಅದರ ನಕಲು ಕೇಳಬಹುದು. ಅರ್ಜಿಗೆ ಶುಲ್ಕ 10 ರೂಪಾಯಿ. 30 ದಿನದ ಒಳಗೆ ಉತ್ತರ ಕೊಡಬೇಕು.

ನಮ್ಮ ಸಂಘದಿಂದ ಶುರು ಮಾಡೋಣ

ಬೇರೆಯವರಿಗೆ ಹೇಳುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಪ್ರತಿನಿಧಿಯನ್ನು ಹೇಗೆ ಆರಿಸುತ್ತೇವೆ? "ಇವರೇ ಇರಲಿ, ಒಪ್ಪಿಗೆನಾ?" ಅಂತ ಯಾರೋ ಹೇಳುತ್ತಾರೆ. ಎಲ್ಲರೂ "ಹೂಂ" ಅನ್ನುತ್ತೇವೆ. ಮನಸ್ಸಿನಲ್ಲಿ ಒಪ್ಪಿಗೆ ಇರುವುದಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಗೊಣಗುತ್ತೇವೆ. ಅದರ ಬದಲು ಹೀಗೆ ಮಾಡಿ ನೋಡಿ.

ಇಪ್ಪತ್ತು ಮಂದಿ ಇದ್ದೀರಿ ಅಂತ ಇಟ್ಟುಕೊಳ್ಳಿ. ಇಪ್ಪತ್ತು ಚೀಟಿ ಮಾಡಿ. ಎಣಿಸಿ ಹಂಚಿ. ಒಬ್ಬೊಬ್ಬರಾಗಿ ಮರೆಗೆ ಹೋಗಿ ಹೆಸರು ಬರೆಯಿರಿ. ಮಡಚಿ ಡಬ್ಬಿಗೆ ಹಾಕಿ. ಬರೆಯಲು ಬಾರದ ಅಜ್ಜಿ ಇದ್ದರೆ ಚೀಟಿಯ ಬದಲು ಎಲ್ಲರೂ ಕಾಳು ಹಾಕಿ. ಒಬ್ಬರಿಗೆ ಕಡಲೆ, ಇನ್ನೊಬ್ಬರಿಗೆ ಹುಣಸೆಬೀಜ. ಎಲ್ಲರಿಗೂ ಎರಡೂ ಕೊಡಿ. ಬೇಕಾದದ್ದನ್ನು ಡಬ್ಬಿಗೆ ಹಾಕಲಿ. ಉಳಿದದ್ದು ಅವರ ಸೆರಗಿನಲ್ಲೇ ಇರಲಿ.

ಆಮೇಲೆ ಎಲ್ಲರ ಎದುರು ಡಬ್ಬಿ ಸುರಿಯಿರಿ. ಮೊದಲು ಒಟ್ಟು ಎಣಿಸಿ. ಇಪ್ಪತ್ತು ಮಂದಿ ಹಾಕಿದರೆ ಇಪ್ಪತ್ತೇ ಇರಬೇಕು. ಇಪ್ಪತ್ತೊಂದು ಬಂದರೆ ಏನೋ ತಪ್ಪಾಗಿದೆ. ಎಲ್ಲರೂ ಮತ್ತೆ ಹಾಕಿ. ಸರಿ ಬಂದರೆ ಬೇರೆ ಬೇರೆ ಎಣಿಸಿ. ಒಬ್ಬರು ಎಣಿಸಲಿ, ಇಬ್ಬರು ನೋಡಲಿ. ಅಂಕಿಯನ್ನು ಸಂಘದ ಪುಸ್ತಕದಲ್ಲಿ ಬರೆಯಿರಿ. ಎಣಿಸಿದವರು, ನೋಡಿದವರು ಸಹಿ ಹಾಕಿ. ಹೆಬ್ಬೆಟ್ಟು ಬಿಟ್ಟು ಸಹಿ ಕಲಿತದ್ದು ಇಂಥ ಕಡೆ ಹಾಕಲಿಕ್ಕೇ.

ಸೋತವರು ಬೇಸರ ಮಾಡಿಕೊಳ್ಳಬೇಡಿ. ಹನ್ನೊಂದು, ಒಂಬತ್ತು ಬಂತು ಅಂದುಕೊಳ್ಳಿ. ಒಂಬತ್ತು ಮಂದಿಗೆ ನಿಮ್ಮ ಮೇಲೆ ನಂಬಿಕೆ ಇದೆ ಅಂತ ಗೊತ್ತಾಯಿತು. ಗೆದ್ದವರಿಗೂ ಗೊತ್ತಾಯಿತು, ಒಂಬತ್ತು ಮಂದಿಯ ಮನಸ್ಸು ಬೇರೆ ಇದೆ ಅಂತ. ಸಾಲ ಕೊಡುವಾಗ, ಲೆಕ್ಕ ಬರೆಯುವಾಗ ಅವರು ಹುಷಾರಾಗಿ ಇರುತ್ತಾರೆ. ಬರೀ "ಹೂಂ" ಅಂದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೀಗೆ ಸಂಘದಲ್ಲಿ ಎಣಿಸಿ ಅಭ್ಯಾಸ ಆದವಳು ನಾಳೆ ಪಂಚಾಯಿತಿ ಸದಸ್ಯೆ ಆಗಬಹುದು. ಆಗ ಅಧಿಕಾರಿ ಮುಂದೆ ಅಂಕಿ ಹೇಳಿ ಎಂದು ಕೇಳಲು ಅವಳಿಗೆ ನಾಚಿಕೆ ಆಗುವುದಿಲ್ಲ. ಗಂಡ ಹೊರಗೆ ಕಟ್ಟೆಯ ಮೇಲೆ ಕಾಯಲಿ. ಹಾರ ಅವಳೇ ಹಾಕಿಸಿಕೊಳ್ಳಲಿ.

ನನ್ನ ಮಾತು ಇಷ್ಟೆ. ಮುಂದಿನ ಸಂಘದ ಸಭೆ ಯಾವತ್ತು ಅಂತ ನೀವೇ ಹೇಳಿ. ಡಬ್ಬಿ ಒಬ್ಬರು ತನ್ನಿ. ಕಡಲೆ, ಹುಣಸೆಬೀಜ ಎಲ್ಲರ ಮನೆಯಲ್ಲೂ ಇದೆ.

ಓದಿದ ಮೇಲೆ ಮಾತಾಡಿ

1. ಮುಖ್ಯಮಂತ್ರಿಯನ್ನು ಯಾರು ಆರಿಸುತ್ತಾರೆ? ನಾವೋ, ಶಾಸಕರೋ?

2. 2012ರಲ್ಲಿ ನಮ್ಮ ಲೋಕಸಭಾ ಕ್ಷೇತ್ರದಲ್ಲಿ ಮತ್ತೆ ಓಟು ಏಕೆ ನಡೆಯಿತು?

3. ನಿಮ್ಮ ಪಂಚಾಯಿತಿಯಲ್ಲಿ ಹೋದ ಸಲ ಅಧ್ಯಕ್ಷರಿಗೆ ಎಷ್ಟು ಮತ ಬಂತು? ತಿಳಿದುಕೊಂಡು ಬಂದು ಬರೆಯಿರಿ.

4. ನಿಮ್ಮ ಸಂಘದಲ್ಲಿ ಕಾಳು ಹಾಕಿ ಆಯ್ಕೆ ಮಾಡಿ. ಒಟ್ಟು ಎಷ್ಟು? ಯಾರಿಗೆ ಎಷ್ಟು? ಪುಸ್ತಕದಲ್ಲಿ ಬರೆದು ಸಹಿ ಹಾಕಿ.